ಬಾಯಿಮಾತಲ್ಲಿ ಮುಗಿದುಹೋಗುವ ತೀರ್ಮಾನಗಳು

ಕೆಲಸದ ಜಾಗದಲ್ಲಿ ಹೆಣ್ಣು-ಗಂಡು ಸಮಾನತೆ ಅಂದರೆ ಬಹಳ ಜನ ಧೈರ್ಯದ ಮಾತುಗಳನ್ನು ಕೇಳಲು ಸಿದ್ಧರಾಗಿ ಬರುತ್ತಾರೆ. ಹೆಣ್ಣುಮಕ್ಕಳು ಹಿಂಜರಿಯಬಾರದು, ಮೀಟಿಂಗಿನಲ್ಲಿ ದನಿ ಎತ್ತಬೇಕು, ಸಂಬಳ ಕೇಳಿ ಪಡೆಯಬೇಕು, ಹೀಗೆ. ಇಂಥ ತರಬೇತಿಗಳಿಗೆ ಬರವಿಲ್ಲ. ನಡೆಯಲಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಗಮನಿಸಿ. ಯಾರಿಗೆ ಎಷ್ಟು ಸಂಬಳ, ಯಾರಿಗೆ ಬಡ್ತಿ, ಒಳ್ಳೆಯ ಪ್ರಾಜೆಕ್ಟ್ ಯಾರ ಕೈಗೆ ಅಂತ ತೀರ್ಮಾನ ಆಗುವ ಹೊತ್ತಿಗೆ ಸಂಬಂಧಪಟ್ಟವರು ಆ ಕೋಣೆಯಲ್ಲಿ ಇರುವುದೇ ಇಲ್ಲ. ಅಲ್ಲಿ ಆಕೆಯ ಧೈರ್ಯ ಏನು ಮಾಡೀತು?

ಹಾಗಾಗಿ ಇವತ್ತು ಆ ಕೋಣೆಯ ಬಗ್ಗೆಯೇ ಮಾತಾಡೋಣ. ಏನನ್ನೂ ಬರೆದಿಡದೆ, ಕಾರಣ ಹೇಳದೆ, ಬಾಯಿಮಾತಲ್ಲಿ ತೀರ್ಮಾನ ಮುಗಿಸುವ ಕಡೆ ತಾರತಮ್ಯ ಆರಾಮಾಗಿ ಬೆಳೆಯುತ್ತದೆ. ನನ್ನ ವಾದ ಇಷ್ಟೇ. ಬರೆದಿಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ಕಾಗದದ ಮೇಲಿನ ಅಳತೆಗೋಲೇ ಸೊಟ್ಟಗಿದ್ದ ಕಥೆಗಳೂ ಇವೆ. ಅವನ್ನೂ ಹೇಳುತ್ತೇನೆ.

ಮೊದಲು ಸಂಬಳ. ಲಿಲ್ಲಿ ಲೆಡ್‌ಬೆಟರ್ ಅನ್ನುವವರು 1979ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಗುಡ್‌ಇಯರ್ ಟೈರ್ ಕಾರ್ಖಾನೆಗೆ ಸೂಪರ್‌ವೈಸರ್ ಆಗಿ ಸೇರಿದರು. ಹತ್ತೊಂಬತ್ತು ವರ್ಷ ದುಡಿದರು. ಜೊತೆಯವರಿಗೆ ಎಷ್ಟು ಸಂಬಳ ಅಂತ ಅವರಿಗೆ ಗೊತ್ತಿರಲಿಲ್ಲ, ಆ ಬಗ್ಗೆ ಮಾತಾಡುವ ಹಾಗೇ ಇರಲಿಲ್ಲ. ಕೆಲಸದ ಕೊನೆಯ ದಿನಗಳಲ್ಲಿ ಯಾರೋ ಹೆಸರು ಹಾಕದೆ ಒಂದು ಚೀಟಿ ಇಟ್ಟುಹೋದರು. ಅದರಲ್ಲಿ ಇವರ ಸಂಬಳವೂ ಇತ್ತು, ಅದೇ ಹುದ್ದೆಯ ಗಂಡಸರ ಸಂಬಳವೂ ಇತ್ತು. ಆಮೇಲೆ ಕೋರ್ಟಿನ ದಾಖಲೆಗೆ ಬಂದ ಲೆಕ್ಕ ಹೀಗಿದೆ. 1997ರ ಕೊನೆಗೆ ಇವರಿಗೆ ತಿಂಗಳಿಗೆ 3,727 ಡಾಲರ್. ಅದೇ ಹುದ್ದೆಯ ಗಂಡಸರಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವರಿಗೆ 4,286. ಎಲ್ಲರಿಗಿಂತ ಹೆಚ್ಚಿನವರಿಗೆ 5,236.

ಇವರು ಕೇಸ್ ಹಾಕಿದರು. ಜ್ಯೂರಿ ಇವರ ಪರ ನಿಂತಿತು. ಆದರೆ 2007ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ತೀರ್ಪನ್ನು ತಿರುಗಿಸಿತು. ಸಂಬಳ ನಿಗದಿ ಮಾಡಿದ 180 ದಿನಗಳ ಒಳಗೆ ದೂರು ಕೊಡಬೇಕಿತ್ತಂತೆ. ಗೊತ್ತೇ ಇಲ್ಲದ ವಿಷಯಕ್ಕೆ ದೂರು ಕೊಡೋದು ಹೇಗೆ ಸ್ವಾಮಿ? ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರ ಭಿನ್ನಮತದ ತಿರುಳೂ ಇದೇ ಆಗಿತ್ತು. ಅವರು ಅದನ್ನು ಕೋರ್ಟಿನಲ್ಲೇ ಗಟ್ಟಿಯಾಗಿ ಓದಿದರು. 2009ರ ಜನವರಿಯಲ್ಲಿ ಕಾನೂನು ಬದಲಾಯಿತು. ತಾರತಮ್ಯದ ಪ್ರತಿಯೊಂದು ಸಂಬಳದ ಚೆಕ್ಕಿನಿಂದಲೂ ದೂರಿನ ಗಡುವು ಹೊಸದಾಗಿ ಶುರುವಾಗುತ್ತದೆ ಅಂತಾಯಿತು. ಆ ಕಾನೂನಿಗೆ ಲೆಡ್‌ಬೆಟರ್ ಅವರ ಹೆಸರೇ ಇದೆ. ಅವರಿಗೆ ಸಿಗಬೇಕಾಗಿದ್ದ ದುಡ್ಡು ಮಾತ್ರ ಸಿಗಲೇ ಇಲ್ಲ.

ಈ ಕಥೆಯಲ್ಲಿ ನನ್ನನ್ನು ಕಾಡುವುದು ಆ ಚೀಟಿ. ಅದು ಬರದೇ ಹೋಗಿದ್ದರೆ? ಅವರು ಸುಮ್ನೆ ನಿವೃತ್ತರಾಗುತ್ತಿದ್ದರು. ಸಂಬಳ ಕಡಿಮೆ ಇದ್ದರೆ ಪಿಂಚಣಿಯೂ ಕಡಿಮೆ. ಕಾರಣ ಕೊನೆಗೂ ಗೊತ್ತಾಗುತ್ತಿರಲಿಲ್ಲ. ಒಂದು ಕಾರ್ಖಾನೆಯ ನ್ಯಾಯ ಯಾರೋ ಒಬ್ಬ ಪುಣ್ಯಾತ್ಮರ ಚೀಟಿಯ ಮೇಲೆ ನಿಂತಿತ್ತು.

ಅದಕ್ಕೇ ಈಗ ಹಲವು ದೇಶಗಳು ಸಂಬಳದ ಗುಟ್ಟಿಗೆ ಕೈಹಾಕಿವೆ. ಬ್ರಿಟನ್ನಿನಲ್ಲಿ 2017ರಿಂದ, 250 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆಗಳು ಹೆಣ್ಣು-ಗಂಡಿನ ಸಂಬಳದ ಅಂತರವನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಐಸ್‌ಲ್ಯಾಂಡಿನಲ್ಲಿ 2018ರಲ್ಲಿ ಜಾರಿಗೆ ಬಂದ ಕಾನೂನು ಇನ್ನೂ ಮುಂದೆ ಹೋಯಿತು. 25 ಅಥವಾ ಹೆಚ್ಚು ಜನ ಇರುವ ಕಂಪನಿ, ತಾನು ಸಮಾನ ಸಂಬಳ ಕೊಡುತ್ತಿದ್ದೇನೆ ಅಂತ ಪ್ರಮಾಣಪತ್ರ ಪಡೆದು ತೋರಿಸಬೇಕು ಅಂತ ಅದು ಹೇಳಿತು. ರುಜುವಾತು ಮಾಡುವ ಹೊರೆ ನೌಕರಳಿಂದ ಕಂಪನಿಯ ಹೆಗಲಿಗೆ ಹೋಯಿತು. ನನಗೆ ಇದು ಬಹಳ ದೊಡ್ಡ ಬದಲಾವಣೆ ಅನಿಸುತ್ತದೆ.

ಇದರಲ್ಲಿ ಒಂದು ತಕರಾರೂ ಇದೆ, ಮುಚ್ಚಿಡುವುದು ಬೇಡ. ಡೆನ್ಮಾರ್ಕ್ 2006ರಲ್ಲಿ ಸಂಬಳದ ಅಂತರದ ಲೆಕ್ಕ ತೋರಿಸುವ ಕಾನೂನು ತಂದಾಗ ಅಂತರ ಕಡಿಮೆಯಾಯಿತು. ಆದರೆ ಅದು ಹೆಚ್ಚಾಗಿ ಗಂಡಸರ ಸಂಬಳದ ಏರಿಕೆ ನಿಧಾನವಾಗಿದ್ದರಿಂದ ಅಂತ ಅಧ್ಯಯನ ಮಾಡಿದವರು ಹೇಳಿದರು. ಇಲ್ಲಿ ಕೂತಿರುವ ಗಂಡಸರಿಗೆ ಇದು ರುಚಿಸಲಿಕ್ಕಿಲ್ಲ, ಅಲ್ವಾ? ಆದರೆ ಕಂಪನಿಯ ಕಡೆಯಿಂದ ನೋಡಿ. ಅಂತರ ಹೊರಗೆ ಕಾಣುತ್ತದೆ ಅಂತಾದ ಕೂಡಲೇ ಕೆಲವರ ಏರಿಕೆಗೆ ಕಾರಣ ಕೊಡಲು ಕಷ್ಟವಾಯಿತು. ಕಾರಣ ಇದ್ದಿದ್ದರೆ ಕೊಡಬಹುದಿತ್ತಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ಯಾವ ಎಚ್‌ಆರ್ ವಿಭಾಗವೂ ಖರ್ಚಿಲ್ಲದೆ ಮಾಡಬಹುದಾದದ್ದು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಹಿಂದಿನ ಸಂಬಳ ಕೇಳಬೇಡಿ. ಮೊದಲ ಕೆಲಸದಲ್ಲಿ ಆದ ಅನ್ಯಾಯವನ್ನು ಎರಡನೆಯ ಕಂಪನಿ ಶೇಕಡಾ ಇಷ್ಟು ಅಂತ ಸೇರಿಸಿ ಮುಂದುವರಿಸುತ್ತದೆ. ಮೂರನೆಯದೂ ಅದನ್ನೇ ಮಾಡುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಈ ಪ್ರಶ್ನೆಯನ್ನೇ ತಡೆಯುವ ಕಾನೂನನ್ನು 2016ರಲ್ಲಿ ಮಾಡಿತು. ಆಮೇಲೆ ಬೇರೆ ರಾಜ್ಯಗಳೂ ಹಿಂಬಾಲಿಸಿದವು. ಹುದ್ದೆಗೆ ಎಷ್ಟು ಅಂತ ಮೊದಲೇ ಬರೆದುಕೊಳ್ಳಿ, ಅದನ್ನೇ ಕೊಡಿ.

ಈಗ ಬಡ್ತಿಗೆ ಬರೋಣ. ಪ್ರೈಸ್ ವಾಟರ್‌ಹೌಸ್ ಎಂಬ ದೊಡ್ಡ ಲೆಕ್ಕಪತ್ರ ಸಂಸ್ಥೆ. 1982ರಲ್ಲಿ ಅಲ್ಲಿದ್ದ 662 ಪಾಲುದಾರರಲ್ಲಿ ಹೆಂಗಸರು 7. ಪಾಲುದಾರಿಕೆ ಅಂದರೆ ಅಲ್ಲಿನ ದೊಡ್ಡ ಬಡ್ತಿ. ಆ ವರ್ಷ ಅದಕ್ಕೆ 88 ಜನರ ಹೆಸರು ಬಂತು. ಅದರಲ್ಲಿ ಒಬ್ಬರೇ ಹೆಂಗಸು, ಆನ್ ಹಾಪ್ಕಿನ್ಸ್. ಸುಮಾರು 2.5 ಕೋಟಿ ಡಾಲರಿನ ಸರ್ಕಾರಿ ಗುತ್ತಿಗೆ ತಂದುಕೊಡುವುದರಲ್ಲಿ ಅವರ ದುಡಿಮೆ ದೊಡ್ಡದಿತ್ತು. ಆದರೂ ಅವರ ಹೆಸರನ್ನು ತಡೆಹಿಡಿದರು. ಪಾಲುದಾರರು ಬರೆದ ಟಿಪ್ಪಣಿಗಳಲ್ಲಿ ಏನಿತ್ತು ಗೊತ್ತಾ? ಈಕೆ ಗಂಡಸಿನ ಹಾಗೆ ಆಡುತ್ತಾಳೆ, ನಯನಾಜೂಕು ಕಲಿಸುವ ಶಾಲೆಗೆ ಕಳಿಸಬೇಕು ಅನ್ನುವಂಥ ಮಾತುಗಳು. ತೀರ್ಮಾನದ ಸುದ್ದಿ ತಿಳಿಸಿದ ಹಿರಿಯರು ಕೊಟ್ಟ ಸಲಹೆ: ಇನ್ನಷ್ಟು ಹೆಣ್ಣಿನ ಹಾಗೆ ನಡಿ, ಮಾತಾಡು, ಬಟ್ಟೆ ಹಾಕು, ಮೇಕಪ್ ಮಾಡಿಕೊ, ಒಡವೆ ತೊಡು.

ಗಟ್ಟಿಯಾಗಿ ಮಾತಾಡದಿದ್ದರೆ ನಾಯಕತ್ವ ಇಲ್ಲ ಅನ್ನುತ್ತಾರೆ, ಮಾತಾಡಿದರೆ ಹೆಣ್ಣುತನ ಇಲ್ಲ ಅನ್ನುತ್ತಾರೆ. ಧೈರ್ಯದ ತರಬೇತಿ ಕೊಡುವವರು ಈ ಕೇಸನ್ನು ಒಮ್ಮೆ ಓದಬೇಕು. ಹಾಪ್ಕಿನ್ಸ್‌ಗೆ ಧೈರ್ಯ ಬೇಕಾದಷ್ಟಿತ್ತು, ಮುಳುವಾದದ್ದೂ ಅದೇ. 1989ರಲ್ಲಿ ಸುಪ್ರೀಂ ಕೋರ್ಟ್, ಹೆಣ್ಣು ಹೀಗಿರಬೇಕು ಎಂಬ ಸಿದ್ಧ ಕಲ್ಪನೆಯಿಂದ ಅಳೆಯುವುದೂ ಲಿಂಗ ತಾರತಮ್ಯವೇ ಅಂತ ಒಪ್ಪಿತು. ಮುಂದೆ ಕೆಳಗಿನ ಕೋರ್ಟ್ ಆದೇಶ ಕೊಟ್ಟು ಅವರನ್ನು ಪಾಲುದಾರರನ್ನಾಗಿ ಮಾಡಿಸಿತು.

ಅವರು ಗೆಲ್ಲಲು ಒಂದು ಮುಖ್ಯ ಕಾರಣ, ಆ ಪಾಲುದಾರರು ತಮ್ಮ ಅಭಿಪ್ರಾಯಗಳನ್ನು ಬರೆದಿಟ್ಟಿದ್ದರು. ಇಂದಿನ ಹಾಗೆ ‘ಆಕೆ ಟೀಮಿಗೆ ಅಷ್ಟಾಗಿ ಹೊಂದಲ್ಲ’ ಅಂತ ಕಾರಿಡಾರಿನಲ್ಲಿ ಒಂದು ಮಾತು ಹೇಳಿ ಮುಗಿಸಿದ್ದರೆ ಕೇಸೇ ನಿಲ್ಲುತ್ತಿರಲಿಲ್ಲ. ನಿಮ್ಮಲ್ಲಿ ಮ್ಯಾನೇಜರುಗಳು ಇದ್ದೀರಿ. ಹೋದ ಸಲ ಬಡ್ತಿ ಕೊಟ್ಟಾಗ ಏನನ್ನು ನೋಡಿ ಕೊಟ್ಟಿರಿ? ಅದನ್ನು ಹೆಸರುಗಳ ಪಟ್ಟಿ ನೋಡುವ ಮೊದಲು ಬರೆದಿದ್ದಿರಾ, ಆಮೇಲೆ ಬರೆದಿರಾ? ಮನಸ್ಸಿನಲ್ಲಿ ಒಬ್ಬರನ್ನು ಆರಿಸಿಕೊಂಡು ಆಮೇಲೆ ಅರ್ಹತೆ ಬರೆದರೆ, ಅವರಿಗೆ ಏನಿದೆಯೋ ಅದೇ ಅರ್ಹತೆ ಆಗಿಬಿಡುತ್ತದೆ.

ಇನ್ನು ಸೊಟ್ಟ ಅಳತೆಗೋಲಿನ ಕಥೆಗಳು. 1968ರ ಜೂನ್‌ನಲ್ಲಿ ಇಂಗ್ಲೆಂಡಿನ ಡ್ಯಾಗನಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟಿನ ಕವರ್ ಹೊಲಿಯುತ್ತಿದ್ದ 187 ಹೆಂಗಸರು ಮುಷ್ಕರ ಹೂಡಿದರು. ಅಲ್ಲಿ ಎಲ್ಲವೂ ಬರಹದಲ್ಲೇ ಇತ್ತು. ಪ್ರತಿ ಕೆಲಸಕ್ಕೂ ಒಂದು ದರ್ಜೆ ಇತ್ತು. ಹೊಲಿಗೆಯನ್ನು ಕಡಿಮೆ ಕೌಶಲದ ‘ಬಿ’ ದರ್ಜೆಗೆ ಹಾಕಿದ್ದರು. ಕೆಲಸಕ್ಕೆ ಸೇರಬೇಕಾದರೆ ಮಾತ್ರ ಹೊಲಿಗೆಯ ಪರೀಕ್ಷೆ ಪಾಸಾಗಲೇಬೇಕು! ಸಾಲದ್ದಕ್ಕೆ ಆ ದರ್ಜೆಯ ಗಂಡಸರ ಸಂಬಳದಲ್ಲಿ ಇವರಿಗೆ ಶೇ 85 ಮಾತ್ರ. ಸೀಟಿನ ಕವರ್ ಇಲ್ಲದೆ ಕಾರುಗಳು ಹೊರಬರಲಿಲ್ಲ. ಕಾರ್ಖಾನೆ ನಿಂತಿತು. ಸಚಿವೆ ಬಾರ್ಬರಾ ಕ್ಯಾಸಲ್ ನಡುವೆ ಬಂದು ಶೇ 92ಕ್ಕೆ ಒಪ್ಪಿಸಿದರು. 1970ರಲ್ಲಿ ಬ್ರಿಟನ್ನಿನ ಸಮಾನ ವೇತನ ಕಾಯ್ದೆ ಬರಲು ಈ ಮುಷ್ಕರವೂ ಒಂದು ಕಾರಣ. ಆದರೆ ಹೊಲಿಗೆ ಕೌಶಲದ ಕೆಲಸ ಅಂತ ಒಪ್ಪಿಸಲು ಇನ್ನೊಂದು ಮುಷ್ಕರ ಬೇಕಾಯಿತು, 1984ರಲ್ಲಿ.

ಹೆಣ್ಣುಮಕ್ಕಳು ಹೆಚ್ಚು ಮಾಡುವ ಕೆಲಸದ ಕೌಶಲ ಕಣ್ಣಿಗೆ ಕಾಣುವುದಿಲ್ಲ. ಬೆರಳಿನ ನಾಜೂಕು ಹುಟ್ಟಿನಿಂದ ಬಂದದ್ದು ಅನ್ನುತ್ತಾರೆ, ರೋಗಿಯನ್ನು ಸಮಾಧಾನಪಡಿಸುವುದು ಸ್ವಭಾವ ಅನ್ನುತ್ತಾರೆ. ಭಾರ ಎತ್ತುವುದಕ್ಕೆ ಮಾತ್ರ ಅಂಕ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1951ರ ಒಪ್ಪಂದದಲ್ಲಿರುವುದು ಬರೀ ‘ಸಮಾನ ಕೆಲಸ’ ಅಲ್ಲ, ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ಸಂಬಳ. ಆ ‘ಮೌಲ್ಯ’ವನ್ನು ಯಾರು ಕಟ್ಟುತ್ತಾರೆ ಅನ್ನುವಲ್ಲೇ ಇವತ್ತಿಗೂ ಜಗಳ.

ಟೋಕಿಯೊ ವೈದ್ಯಕೀಯ ವಿಶ್ವವಿದ್ಯಾಲಯದ ಕಥೆ ಇನ್ನೂ ಕೆಟ್ಟದು. ಪ್ರವೇಶ ಪರೀಕ್ಷೆಯಲ್ಲಿ ಹೆಣ್ಣುಮಕ್ಕಳ ಅಂಕಗಳನ್ನು ವರ್ಷಗಟ್ಟಲೆ ಗುಟ್ಟಾಗಿ ಇಳಿಸುತ್ತಿದ್ದರು. 2018ರಲ್ಲಿ ಅದು ಬಯಲಾಯಿತು. ಮಕ್ಕಳಾದ ಮೇಲೆ ವೈದ್ಯೆಯರು ಕೆಲಸ ಬಿಡುತ್ತಾರೆ ಅನ್ನುವ ಎಣಿಕೆಯಂತೆ. ಅದೇ ವರ್ಷ ಅಮೆಜಾನ್ ಕಂಪನಿಯ ಸುದ್ದಿಯೂ ಬಂತು. ಅರ್ಜಿಗಳಿಗೆ ಅಂಕ ಕೊಡಲು ಅವರು ಪ್ರಯೋಗಕ್ಕೆ ಮಾಡಿದ ಸಾಫ್ಟ್‌ವೇರ್, ಹೆಂಗಸರ ಕ್ಲಬ್ಬು, ಹೆಂಗಸರ ಕಾಲೇಜು ಎಂಬ ಸುಳಿವು ಸಿಕ್ಕರೆ ಅಂಕ ಕಡಿಮೆ ಮಾಡುತ್ತಿತ್ತು. ಅದು ಕಲಿತದ್ದು ಹಿಂದಿನ ಹತ್ತು ವರ್ಷಗಳ ಅರ್ಜಿಗಳಿಂದ, ಅವುಗಳಲ್ಲಿ ಬಹುಪಾಲು ಗಂಡಸರದ್ದು. ಕಂಪನಿ ಅದನ್ನು ಕೈಬಿಟ್ಟಿತು. ಈಗ ಎಲ್ಲ ಕಡೆ ಅರ್ಜಿ ಸೋಸಲು ಮೆಷಿನ್ ಕೂರಿಸುತ್ತಿದ್ದಾರೆ. ಮೆಷಿನ್ನಿಗೆ ಪಕ್ಷಪಾತ ಇಲ್ಲ ಅಂತ ಯಾರಾದರೂ ಹೇಳಿದರೆ, ಅದಕ್ಕೆ ಪಾಠ ಹೇಳಿದ್ದು ಯಾರು ಅಂತ ಕೇಳಿ.

ಸಂಗೀತದ ಆರ್ಕೆಸ್ಟ್ರಾಗಳು, ನುಡಿಸುವವರು ಹೆಣ್ಣೋ ಗಂಡೋ ಅಂತ ಕಾಣದ ಹಾಗೆ ಪರದೆ ಹಿಂದೆ ಕೂರಿಸಿ ಆಯ್ಕೆ ಮಾಡುವ ಉದಾಹರಣೆ ನಿಮಗೆಲ್ಲ ಗೊತ್ತಿರುತ್ತದೆ. ಹೆಜ್ಜೆ ಸಪ್ಪಳದಿಂದ ಗೊತ್ತಾಗಬಾರದು ಅಂತ ಕೆಲವು ಕಡೆ ನೆಲಕ್ಕೆ ಕಾರ್ಪೆಟ್ ಹಾಸುತ್ತಿದ್ದರಂತೆ. ಇದರಿಂದ ಹೆಂಗಸರ ಆಯ್ಕೆ ಹೆಚ್ಚಾಯಿತು ಅಂದ ಪ್ರಸಿದ್ಧ ಅಧ್ಯಯನದ ಲೆಕ್ಕಕ್ಕೆ ಆಮೇಲೆ ಆಕ್ಷೇಪಗಳು ಬಂದಿವೆ, ಅದಕ್ಕೇ ನಾನು ಅದರ ಮೇಲೆ ಜಾಸ್ತಿ ಭಾರ ಹಾಕುವುದಿಲ್ಲ. ಮೊದಲ ಸುತ್ತಿನಲ್ಲಿ ಹೆಸರು, ಫೋಟೊ ಮುಚ್ಚಿ ಅರ್ಜಿ ನೋಡುವುದಕ್ಕೆ ಖರ್ಚೇನೂ ಇಲ್ಲವಲ್ಲ, ಮಾಡಿ ನೋಡಿ.

ಈಗ ನನಗೆ ಬಹಳ ಇಷ್ಟವಾದ ವಿಷಯ. ಆಫೀಸಿನ ಚಾಕರಿ. ಮೀಟಿಂಗಿನ ಟಿಪ್ಪಣಿ ಬರೆಯೋರು ಯಾರು? ಬೀಳ್ಕೊಡುಗೆಗೆ ದುಡ್ಡು ಸೇರಿಸೋರು? ಹೊಸಬರಿಗೆ ಎಲ್ಲ ತೋರಿಸೋರು? ನೋಡಿ, ಕೇಳುತ್ತಿದ್ದ ಹಾಗೇ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಾದರೂ ಮಾಡಲೇಬೇಕಾದ ಕೆಲಸ ಇವು, ಆದರೆ ಬಡ್ತಿಯ ಲೆಕ್ಕಕ್ಕೆ ಬರುವುದಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್‌ಕಾಕ್ ಮತ್ತು ಸಂಗಡಿಗರು 2017ರಲ್ಲಿ ಇದರ ಬಗ್ಗೆ ಒಂದು ಚಂದದ ಪ್ರಯೋಗ ಪ್ರಕಟಿಸಿದರು. ಮೂವರ ಗುಂಪು, ಎಲ್ಲರೂ ಕಂಪ್ಯೂಟರಿನ ಮುಂದೆ. ಎರಡು ನಿಮಿಷದಲ್ಲಿ ಯಾರಾದರೂ ಒಬ್ಬರು ಬಟನ್ ಒತ್ತಬೇಕು. ಒತ್ತಿದವರಿಗೆ 1.25 ಡಾಲರ್, ಉಳಿದಿಬ್ಬರಿಗೆ ತಲಾ 2 ಡಾಲರ್. ಯಾರೂ ಒತ್ತದಿದ್ದರೆ ಎಲ್ಲರಿಗೂ 1 ಡಾಲರ್ ಮಾತ್ರ. ಅಂದರೆ ಯಾರೋ ಒಬ್ಬರು ಒತ್ತುವುದು ಎಲ್ಲರಿಗೂ ಒಳ್ಳೆಯದು, ಆದರೆ ಅದು ನಾನಾಗದಿದ್ದರೆ ಇನ್ನೂ ಒಳ್ಳೆಯದು. ಹೆಣ್ಣು-ಗಂಡು ಇಬ್ಬರೂ ಇದ್ದ ಗುಂಪುಗಳಲ್ಲಿ ಹೆಂಗಸರು ಗಂಡಸರ ಒಂದೂವರೆ ಪಟ್ಟಿನಷ್ಟು ಸಲ ಒತ್ತಿದರು.

ಹೆಂಗಸರ ಸ್ವಭಾವವೇ ಅಷ್ಟು, ಮೃದು ಮನಸ್ಸು ಅಂತ ಇಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ಇವರು ನಿಲ್ಲಿಸಲಿಲ್ಲ. ಬರೀ ಗಂಡಸರ ಗುಂಪು ಮಾಡಿ ನೋಡಿದರು. ಅಲ್ಲಿ ಗಂಡಸರು ಬರೀ ಹೆಂಗಸರ ಗುಂಪಿನಲ್ಲಿ ಹೆಂಗಸರು ಒತ್ತಿದಷ್ಟೇ ಒತ್ತಿದರು! ಹೆಂಗಸು ಇದ್ದರೆ ಅವಳು ಮಾಡುತ್ತಾಳೆ ಅಂತ ಕಾಯುತ್ತಾರೆ, ಇಲ್ಲದಿದ್ದರೆ ತಾವೇ ಮಾಡುತ್ತಾರೆ. ಆಮೇಲೆ ಯಾರಿಗೆ ಕೇಳಬೇಕು ಅಂತ ಆರಿಸುವ ಒಬ್ಬರನ್ನು ಗುಂಪಿಗೆ ಸೇರಿಸಿದರು. ಆ ವ್ಯಕ್ತಿ ಗಂಡಾಗಲಿ ಹೆಣ್ಣಾಗಲಿ, ಹೆಂಗಸರನ್ನೇ ಜಾಸ್ತಿ ಕೇಳಿದರು, ಶೇ 44ರಷ್ಟು ಜಾಸ್ತಿ. ಹೂಂ ಅಂದವರು ಹೆಂಗಸರಲ್ಲಿ ಶೇ 76, ಗಂಡಸರಲ್ಲಿ ಶೇ 51.

ಇದಕ್ಕೆ ಮದ್ದು ‘ಇಲ್ಲ ಅನ್ನಲು ಕಲಿಯಿರಿ’ ಅನ್ನುವ ಬುದ್ಧಿಮಾತು ಆಗಲಾರದು. ಇಲ್ಲ ಅಂದ ಹೆಂಗಸಿಗೆ ಸೊಕ್ಕು ಅನ್ನುವ ಬಿರುದು ಸಿಗುತ್ತದೆ. ಯಾರು ಮಾಡ್ತೀರಿ ಅಂತ ಕೇಳುವ ಪದ್ಧತಿಯನ್ನೇ ಬಿಡಿ. ಹೆಸರುಗಳ ಪಟ್ಟಿ ಬರೆದು ಅಂಟಿಸಿ, ಸರದಿ ಪ್ರಕಾರ ನಡೆಯಲಿ. ಈ ವಾರ ಟಿಪ್ಪಣಿ ಬರೆಯುವವರು ವಿಭಾಗದ ಮುಖ್ಯಸ್ಥರೇ ಆಗಿದ್ದರೆ ಅವರೇ ಬರೆಯಲಿ. ಅವರಿಗೂ ಅಕ್ಷರ ಬರುತ್ತದೆ.

ಮಗುವಿನ ವಿಷಯಕ್ಕೆ ಬರದೆ ಈ ಮಾತು ಮುಗಿಯುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿಯ ಪ್ರಕಾರ ಜಗತ್ತಿನ ಸಂಬಳವಿಲ್ಲದ ಆರೈಕೆ ಕೆಲಸದಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆಂಗಸರ ಮೇಲಿದೆ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಇದನ್ನು ಬಹಳ ಆಳವಾಗಿ ನೋಡಿದವರು. ಒಂದೇ ಓದು, ಒಂದೇ ಕೆಲಸ ಇರುವ ಹೆಣ್ಣು-ಗಂಡಿನ ಸಂಬಳ ಮೊದಲ ಮಗುವಿನ ತನಕ ಹತ್ತಿರ ಹತ್ತಿರವೇ ಇರುತ್ತದೆ, ಅಲ್ಲಿಂದಾಚೆ ದೂರವಾಗುತ್ತದೆ. ಹೊತ್ತಲ್ಲದ ಹೊತ್ತಲ್ಲಿ ಕರೆದರೂ ಬರುವವರಿಗೆ ಕೆಲವು ಕೆಲಸಗಳಲ್ಲಿ ಸಿಕ್ಕಾಪಟ್ಟೆ ಹೆಚ್ಚು ದುಡ್ಡು. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರು ಮಾತ್ರ ಅದನ್ನು ಮಾಡಲು ಸಾಧ್ಯ, ಇನ್ನೊಬ್ಬರು ಮನೆಯ ಕರೆಗೆ ಓಡಬೇಕು. ಯಾರು ಓಡುತ್ತಾರೆ ಅಂತ ನಾನು ಹೇಳಬೇಕಾಗಿಲ್ಲ.

ಆದರೆ ಗೋಲ್ಡಿನ್ ಮತ್ತು ಲಾರೆನ್ಸ್ ಕಾಟ್ಜ್ ಒಂದು ಒಳ್ಳೆಯ ಸುದ್ದಿಯನ್ನೂ ತೋರಿಸಿದರು. ಅಮೆರಿಕದ ಫಾರ್ಮಸಿಸ್ಟರು. ಒಂದು ಕಾಲದಲ್ಲಿ ಅವರೆಲ್ಲ ಸ್ವಂತ ಅಂಗಡಿ ಇಟ್ಟವರು, ಹೆಚ್ಚಿನವರು ಗಂಡಸರು, ಎಲ್ಲ ಗಿರಾಕಿಗಳ ಕಥೆಯೂ ಅವರ ತಲೆಯಲ್ಲೇ. ಆಮೇಲೆ ದೊಡ್ಡ ಮಳಿಗೆಗಳು ಬಂದವು, ಔಷಧಿಗಳು ಸಿದ್ಧ ರೂಪದಲ್ಲಿ ಬಂದವು, ರೋಗಿಯ ಮಾಹಿತಿ ಕಂಪ್ಯೂಟರಿಗೆ ಹೋಯಿತು. ಈಗ ಒಬ್ಬರು ಹೋಗಿ ಇನ್ನೊಬ್ಬರು ಕೂತರೂ ಕೆಲಸ ನಡೆಯುತ್ತದೆ. ಅರ್ಧ ದಿನ ಮಾಡಿದವರಿಗೆ ಗಂಟೆಯ ದರದಲ್ಲಿ ಹೆಚ್ಚುಕಡಿಮೆ ಏನೂ ನಷ್ಟವಿಲ್ಲ. ಹೆಣ್ಣು-ಗಂಡಿನ ಅಂತರ ಬಹಳ ಕಡಿಮೆ ಇರುವ ವೃತ್ತಿಗಳಲ್ಲಿ ಅದೂ ಒಂದಾಯಿತು.

ಸಮಾನತೆ ತರಬೇಕು ಅಂತ ಯಾರೂ ಅದನ್ನು ಮಾಡಿರಲಿಲ್ಲ, ಗಮನಿಸಿ. ಕೆಲಸದ ವಿವರ ಒಬ್ಬರ ತಲೆಯಿಂದ ದಾಖಲೆಗೆ ಇಳಿಯಿತು, ಅಷ್ಟೇ. ನಿಮ್ಮ ಆಫೀಸಿನಲ್ಲಿ ‘ಇದು ಅವರಿಗೊಬ್ಬರಿಗೇ ಗೊತ್ತು’ ಅನ್ನುವ ಕೆಲಸಗಳು ಎಷ್ಟಿವೆ? ಅವೆಲ್ಲ ಮಗು ಇರುವ ಹೆಂಗಸಿಗೆ ಮುಚ್ಚಿದ ಬಾಗಿಲು. ಮಗು ನೋಡಿಕೊಳ್ಳಬೇಕು ಅನ್ನುವ ಗಂಡಸಿಗೂ ಅಷ್ಟೇ.

ರಜೆಯ ಬಗ್ಗೆ ಒಂದು ಮಾತು. ಭಾರತ 2017ರಲ್ಲಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಒಳ್ಳೆಯದೇ. ಆದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಗೆ ಬರದವರ ರಜೆಯ ಸಂಬಳ ಪೂರ್ತಿ ಆ ಒಬ್ಬ ಉದ್ಯೋಗದಾತರ ಜೇಬಿನಿಂದಲೇ ಹೋಗಬೇಕು. ಸಣ್ಣ ಕಂಪನಿ ಸಂದರ್ಶನದಲ್ಲಿ ಏನು ಲೆಕ್ಕ ಹಾಕುತ್ತದೆ ಅಂತ ಊಹಿಸಿ. ಆ ಲೆಕ್ಕ ಯಾವ ಕಾಗದದಲ್ಲೂ ಇರುವುದಿಲ್ಲ. ಈ ಕಾರಣಕ್ಕೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಪ್ಪಂದ, ರಜೆಯ ಖರ್ಚು ಸಾಮಾಜಿಕ ವಿಮೆಯಿಂದಲೋ ಸರ್ಕಾರದ ನಿಧಿಯಿಂದಲೋ ಬರಲಿ ಅನ್ನುತ್ತದೆ. ಇನ್ನೊಂದು ದಾರಿ ಅಪ್ಪಂದಿರದು. ನಾರ್ವೆ 1993ರಲ್ಲಿ ನಾಲ್ಕು ವಾರಗಳನ್ನು ಅಪ್ಪನಿಗೇ ಮೀಸಲಿಟ್ಟಿತು, ಅವನು ತೆಗೆದುಕೊಳ್ಳದಿದ್ದರೆ ಅಷ್ಟೂ ನಷ್ಟ. ಅದಕ್ಕೆ ಮೊದಲು ರಜೆ ಹಾಕುವ ಅಪ್ಪಂದಿರು ತೀರ ಕಡಿಮೆ. ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಾಕತೊಡಗಿದರು. ಗಂಡಸೂ ರಜೆ ಹಾಕುತ್ತಾನೆ ಅಂತಾದ ಮೇಲೆ ಸಂದರ್ಶನದ ಆ ಗುಟ್ಟಿನ ಲೆಕ್ಕಕ್ಕೆ ಬೆಲೆ ಕಡಿಮೆಯಾಗುತ್ತದೆ.

ಲೈಂಗಿಕ ಕಿರುಕುಳದ ವಿಷಯದಲ್ಲಿ ಬಾಯಿಮಾತು ಇನ್ನೂ ಅಪಾಯಕಾರಿ. ‘ದೊಡ್ಡದು ಮಾಡಬೇಡಮ್ಮ, ನಾನು ಅವರಿಗೆ ಹೇಳ್ತೀನಿ’ ಅಂತ ಹಿರಿಯರೊಬ್ಬರು ಸಮಾಧಾನ ಮಾಡುತ್ತಾರೆ. ಆತ ಅಲ್ಲೇ ಇರುತ್ತಾನೆ. ಮುಂದಿನ ವರ್ಷ ಬರುವ ಹುಡುಗಿಗೆ ಏನೂ ಗೊತ್ತಿರುವುದಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಭಾರತದಲ್ಲಿರುವ 2013ರ ಕಾಯ್ದೆಯ ಪ್ರಕಾರ ದೂರು ಲಿಖಿತವಾಗಿರಬೇಕು. ಆಕೆಗೆ ಬರೆಯಲು ಆಗದಿದ್ದರೆ ದೂರು ವಿಚಾರಿಸುವ ಸಮಿತಿಯವರೇ ನೆರವಾಗಬೇಕು ಅಂತಲೂ ಅದರಲ್ಲಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸಮಿತಿಯಲ್ಲಿ ಹೊರಗಿನವರೊಬ್ಬರು ಇರಬೇಕು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ನಿಮ್ಮ ಸಮಿತಿಯ ಸದಸ್ಯರ ಹೆಸರು ನಿಮಗೆ ಗೊತ್ತಾ?

ಹೆಂಗಸರಿಗೆ ಮೀಸಲಾತಿ ಕೊಟ್ಟರೆ ಅರ್ಹತೆ ಕೆಡುವುದಿಲ್ಲವೇ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ನಾರ್ವೆಯ ಕಾನೂನು ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಹೆಣ್ಣೂ ಗಂಡೂ ಕನಿಷ್ಠ ಶೇ 40 ಇರಬೇಕು ಅಂದಿತು, 2008ರಿಂದ ಕಡ್ಡಾಯ. ಅದಾದ ಮೇಲೆ ಮಂಡಳಿಗೆ ಬಂದ ಹೆಂಗಸರು ಹಿಂದಿನವರಿಗಿಂತ ಹೆಚ್ಚು ಅರ್ಹರಿದ್ದರು ಅಂತ ಅಧ್ಯಯನ ಹೇಳುತ್ತದೆ. ಅರ್ಹತೆ ಕೆಡಲಿಲ್ಲ. ಆದರೆ ಅದರ ಲಾಭ ಕೆಳಗಿನ ಹಂತದ ಹೆಂಗಸರಿಗೆ ಅಷ್ಟಾಗಿ ಇಳಿದು ಬರಲೂ ಇಲ್ಲ. ಮೇಲೆ ಕೆಲವರನ್ನು ಕೂರಿಸಿ ಕೆಳಗಿನ ಪದ್ಧತಿಗಳನ್ನು ಹಾಗೇ ಬಿಟ್ಟರೆ ಇನ್ನೇನಾಗುತ್ತದೆ?

ಇನ್ನೊಂದು ಪ್ರಶ್ನೆ: ನನ್ನ ತಂಡದಲ್ಲಿ ನಾನೊಬ್ಬಳೇ ಹೆಂಗಸು, ಮ್ಯಾನೇಜರು ಏನನ್ನೂ ಬರೆದು ಕೊಡುವವರಲ್ಲ, ನಾನೇನು ಮಾಡಲಿ? ನೀವೇ ಬರೆಯಿರಿ. ಅಪ್ರೈಸಲ್ ಮಾತುಕತೆ ಮುಗಿದ ದಿನವೇ ಒಂದು ಇಮೇಲ್ ಹಾಕಿ. ‘ಸರ್, ಇವತ್ತು ನಾವು ಮಾತಾಡಿದ್ದು ಇಷ್ಟು. ಬಡ್ತಿಗೆ ಈ ಮೂರು ಕೆಲಸ ಮುಗಿಸಬೇಕು ಅಂದಿರಿ. ನಾನು ಬಿಟ್ಟದ್ದೇನಾದರೂ ಇದ್ದರೆ ತಿಳಿಸಿ.’ ದೂರಿನ ದನಿ ಬೇಡ, ಧನ್ಯವಾದ ಹೇಳಿಯೇ ಬರೆಯಿರಿ. ಅವರು ಉತ್ತರ ಕೊಡದಿದ್ದರೂ ತಾರೀಖು ಹಾಕಿದ ಪ್ರತಿ ನಿಮ್ಮ ಬಳಿ ಇರುತ್ತದೆ. ಮತ್ತೆ, ಜೊತೆಯವರು ಸಂಬಳ ಎಷ್ಟು ಅಂತ ಕೇಳಿದರೆ ಹೇಳಿಬಿಡಿ.